ಲ್ಯಾಬ್ ವರದಿಯ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ?

ಕಣ್ಣಾರೆ ಕಂಡೆ ಎನ್ನುವ ಸಾಕ್ಷಿ ಕಟಕಟೆಯಲ್ಲಿ ತಡವರಿಸಬಹುದು. ಹಣಕ್ಕೋ ಹೆದರಿಕೆಗೋ ಪ್ರತಿಕೂಲ ಸಾಕ್ಷಿಯಾಗಿ ತಿರುಗಬಹುದು. ಪ್ರಯೋಗಾಲಯದ ವರದಿಗೆ ಇಂಥ ಯಾವ ಚಾಂಚಲ್ಯವೂ ಇಲ್ಲ ಎಂಬ ನಂಬಿಕೆ ಕೋರ್ಟಿನ ಒಳಗೂ ಹೊರಗೂ ಗಟ್ಟಿಯಾಗಿದೆ. 'ಫೊರೆನ್ಸಿಕ್ ರಿಪೋರ್ಟ್ ಬಂತು, ಮ್ಯಾಚ್ ಆಗಿದೆ' ಎಂದರೆ ಕೇಸು ಮುಗಿದಂತೆಯೇ ಲೆಕ್ಕ. ಈ ನಂಬಿಕೆ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಲ್ಯಾಬಿನಲ್ಲಿ ಕಂಡದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ನಡುವೆ ಒಂದು ಜಿಗಿತ ಇರುತ್ತದೆ. ಆ ಜಿಗಿತ ಎಷ್ಟು ದೊಡ್ಡದು ಎಂದು ಯಾರೂ ಕೇಳದೆ ಹೋದ ಕಡೆಯಲ್ಲೆಲ್ಲ ನಿರಪರಾಧಿಗಳು ಜೈಲು ಸೇರಿದ್ದಾರೆ.

ವಿಧಿವಿಜ್ಞಾನ (ಫೊರೆನ್ಸಿಕ್ ಸೈನ್ಸ್) ಎಂದು ನಾವು ಕರೆಯುವುದು ಒಂದು ವಿಜ್ಞಾನವನ್ನಲ್ಲ, ಹತ್ತಾರು ವಿದ್ಯೆಗಳ ಸಂತೆಯನ್ನು. ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇತ್ತು, ಸಿಕ್ಕ ಪುಡಿ ಹೆರಾಯಿನ್ ಹೌದೇ, ಹೊಟ್ಟೆಯಲ್ಲಿದ್ದ ವಿಷ ಯಾವುದು ಎಂಬ ಪರೀಕ್ಷೆಗಳು ರಸಾಯನಶಾಸ್ತ್ರದಿಂದ ಬಂದವು. ಡಿಎನ್‌ಎ ಬಂದದ್ದು ತಳಿವಿಜ್ಞಾನದಿಂದ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಇವು ವಿಶ್ವವಿದ್ಯಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ಒರೆಗೆ ಹಚ್ಚಿಸಿಕೊಂಡಿದ್ದವು. ಬೆರಳಚ್ಚು, ಕೂದಲಿನ ಹೋಲಿಕೆ, ಕಚ್ಚಿದ ಗುರುತು, ಗುಂಡಿನ ಮೇಲಿನ ಗೀರು, ಕೈಬರಹ, ಬೂಟಿನ ಅಚ್ಚು ಇವುಗಳ ಹುಟ್ಟು ಬೇರೆ. ಪೊಲೀಸ್ ತನಿಖೆಗೆ ಬೇಕಾಗಿ, ತನಿಖೆಯ ಒಳಗೇ ಬೆಳೆದ ವಿದ್ಯೆಗಳಿವು. ತರಬೇತಿ ಪಡೆದವರೊಬ್ಬರು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಮೂಲದವು ಅಥವಾ ಅಲ್ಲ ಎಂದು ತೀರ್ಮಾನಿಸುತ್ತಾರೆ. ಅಳತೆಯ ಸಾಧನ ಅವರ ಕಣ್ಣು ಮತ್ತು ಅನುಭವ.

ಅನುಭವಕ್ಕೆ ಬೆಲೆಯಿಲ್ಲ ಎಂದಲ್ಲ. ಅದು ಎಷ್ಟು ಸಲ ಎಡವುತ್ತದೆ ಎಂದು ದಶಕಗಳ ಕಾಲ ಯಾರೂ ಲೆಕ್ಕ ಇಡಲಿಲ್ಲ, ತೊಡಕು ಅಲ್ಲಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲಿ ಕೊಟ್ಟ ವರದಿ ಇದನ್ನು ಮುಲಾಜಿಲ್ಲದೆ ಹೇಳಿತು: ಕೋಶಕೇಂದ್ರದ ಡಿಎನ್‌ಎ ವಿಶ್ಲೇಷಣೆಯೊಂದನ್ನು ಬಿಟ್ಟರೆ, ಒಂದು ಕುರುಹು ಇಂಥದೇ ವ್ಯಕ್ತಿಯದು ಅಥವಾ ಇಂಥದೇ ಮೂಲದ್ದು ಎಂದು ಹೆಚ್ಚಿನ ಖಚಿತತೆಯಿಂದ, ಪ್ರತಿ ಸಲವೂ ಹೇಳಬಲ್ಲೆನೆಂದು ಕಟ್ಟುನಿಟ್ಟಾಗಿ ಸಾಬೀತುಪಡಿಸಿದ ವಿಧಾನ ಇನ್ನೊಂದಿಲ್ಲ. ಅಷ್ಟು ಹೊತ್ತಿಗಾಗಲೇ ಆ ಉಳಿದ ವಿಧಾನಗಳ ಬಲದ ಮೇಲೆ ಸಾವಿರಾರು ಜನರಿಗೆ ಶಿಕ್ಷೆಯಾಗಿತ್ತು.

ಬೆರಳು ಬೇರೆ, ಅಚ್ಚು ಬೇರೆ

ಬೆರಳಚ್ಚಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಗುಂಪಿನಲ್ಲಿ ಅತಿ ಗಟ್ಟಿ ಇದೇ. ಜಗತ್ತೆಲ್ಲ ಬಳಸಿದ ಅದರ ವರ್ಗೀಕರಣ ಪದ್ಧತಿಯನ್ನು ಕಲ್ಕತ್ತಾದಲ್ಲಿ ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಮುಖ್ಯರು. 1897ರಲ್ಲಿ ಅಲ್ಲಿ ಬೆರಳಚ್ಚು ಬ್ಯೂರೊ ಶುರುವಾಯಿತು. ಪದ್ಧತಿಗೆ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿತು. ದುಡಿಮೆ ಯಾರದು, ಹೆಸರು ಯಾರಿಗೆ ಎಂಬುದಕ್ಕೆ ವಿಜ್ಞಾನವೂ ಹೊರತಲ್ಲ.

'ಇಬ್ಬರ ಬೆರಳಚ್ಚು ಒಂದೇ ಥರ ಇರುವುದಿಲ್ಲ' ಎಂಬ ಮಾತು ಮಗುವಿಗೂ ಗೊತ್ತು. ಕೋರ್ಟಿನಲ್ಲಿ ಈ ಮಾತಿನಿಂದ ಹೆಚ್ಚು ಪ್ರಯೋಜನವಿಲ್ಲ. ಠಾಣೆಯಲ್ಲಿ ಹತ್ತೂ ಬೆರಳನ್ನು ಒತ್ತಿಸಿ ತೆಗೆದುಕೊಂಡ ಅಚ್ಚು ಸ್ಪಷ್ಟವಾಗಿರುತ್ತದೆ. ಕೃತ್ಯದ ಜಾಗದಲ್ಲಿ ಸಿಗುವುದು ಬಾಗಿಲ ಹಿಡಿಯ ಮೇಲೋ ಪ್ಲಾಸ್ಟಿಕ್ ಚೀಲದ ಮೇಲೋ ಜಾರಿದ, ಅರ್ಧ ಅಳಿಸಿದ, ಒಂದರ ಮೇಲೊಂದು ಬಿದ್ದ ಬೆವರಿನ ಗುರುತು. ಗೆರೆ ಎಲ್ಲಿ ಕೊನೆಯಾಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ಪರೀಕ್ಷಕರು ಬಿಂದುಗಳನ್ನು ಗುರುತು ಹಾಕುತ್ತಾರೆ, ಎರಡರಲ್ಲೂ ಅವು ಒಂದೇ ಜಾಗದಲ್ಲಿವೆಯೇ ನೋಡುತ್ತಾರೆ. ಎಷ್ಟು ಬಿಂದು ಕೂಡಿಬಂದರೆ ಸಾಕು ಎಂಬುದಕ್ಕೆ ಜಗತ್ತಿನಾದ್ಯಂತ ಒಪ್ಪಿದ ಒಂದೇ ಸಂಖ್ಯೆ ಇಲ್ಲ. ಹಾಗಾಗಿ ಬೆರಳುಗಳು ಅನನ್ಯವೇ ಎಂದು ಕೇಳಿ ಫಲವಿಲ್ಲ. ಈ ಮಸುಕು ಚೂರನ್ನು ನೋಡಿ, ಬೇರೆಯವರ ಅಚ್ಚನ್ನು ಇವರದೇ ಎಂದುಕೊಳ್ಳುವ ಸಂಭವ ಎಷ್ಟು ಎಂದು ಕೇಳಬೇಕು.

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಒಂದು ವ್ಯಾನಿನಲ್ಲಿ ಡಿಟೊನೇಟರುಗಳಿದ್ದ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರ ಮೇಲಿದ್ದ ಬೆರಳಚ್ಚಿನ ಚಿತ್ರವನ್ನು ಸ್ಪೇನ್ ಬೇರೆ ದೇಶಗಳಿಗೂ ಕಳಿಸಿತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಕಂಪ್ಯೂಟರು ತನ್ನ ಭಂಡಾರದಲ್ಲಿ ಜಾಲಾಡಿ, ಹತ್ತಿರದ 20 ಹೋಲಿಕೆಗಳ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ನಾಲ್ಕನೆಯದು ಆರೆಗಾನ್ ರಾಜ್ಯದ ಒಬ್ಬ ವಕೀಲರದು. ಒಬ್ಬ ಹಿರಿಯ ಪರೀಕ್ಷಕರು ಅದು ಅವರದೇ ಎಂದರು, ಮತ್ತಿಬ್ಬರು ಹೌದೆಂದು ಸಹಿ ಹಾಕಿದರು. ತಮಗೆ ಹೋಲಿಕೆ ಕಾಣುತ್ತಿಲ್ಲ ಎಂದು ಸ್ಪೇನ್ ಪೊಲೀಸರು ಏಪ್ರಿಲ್‌ನಲ್ಲೇ ಹೇಳಿದರೂ ಎಫ್‌ಬಿಐ ಪಟ್ಟು ಬಿಡಲಿಲ್ಲ. ಮೇ ತಿಂಗಳಲ್ಲಿ ವಕೀಲರ ಬಂಧನವಾಯಿತು. ಕೋರ್ಟು ನೇಮಿಸಿದ ಸ್ವತಂತ್ರ ತಜ್ಞರೂ ಪರಿಶೀಲಿಸಿ, ಅದು ಅವರದೇ ಅಚ್ಚು ಎಂದು ಒಪ್ಪಿದರು. ಅದೇ ದಿನ ಸ್ಪೇನ್‌ನಿಂದ ಸುದ್ದಿ ಬಂತು: ಅಚ್ಚು ಅಲ್ಜೀರಿಯಾದ ಬೇರೊಬ್ಬನದು.

ನಾಲ್ವರು ಅನುಭವಿಗಳು ಒಂದೇ ತಪ್ಪನ್ನು ಹೇಗೆ ಮಾಡಿದರು? ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ನಡೆಸಿದ ತನಿಖೆಯ ವಿವರಗಳು ಓದುವಂತಿವೆ. ಎರಡೂ ಅಚ್ಚುಗಳಲ್ಲಿ ನಿಜಕ್ಕೂ ಅಪರೂಪದ ಸಾಮ್ಯ ಇತ್ತು. ಕೋಟಿಗಟ್ಟಲೆ ಅಚ್ಚುಗಳಿರುವ ಭಂಡಾರದಲ್ಲಿ ಹುಡುಕಿದರೆ ಹೀಗೆ 'ಬಹುತೇಕ ಒಂದೇ' ಎನಿಸುವ ಬೇರೆಯವರ ಅಚ್ಚು ಸಿಗುವ ಸಂಭವ ಹೆಚ್ಚುತ್ತದೆ. ಕಂಪ್ಯೂಟರಿಗೆ ಅಂಥದ್ದನ್ನು ಹೆಕ್ಕಿ ತರುವುದೇ ಕೆಲಸ ತಾನೆ? ಆಮೇಲೆ ಪರೀಕ್ಷಕರು ಹಿಮ್ಮುಖವಾಗಿ ನಡೆದರು. ವಕೀಲರ ಸ್ಪಷ್ಟ ಅಚ್ಚಿನಲ್ಲಿ ಕಂಡ ಬಿಂದುಗಳನ್ನು ಚೀಲದ ಮಸುಕು ಅಚ್ಚಿನಲ್ಲೂ 'ಕಾಣ'ತೊಡಗಿದರು. ಹೊಂದದೆ ಉಳಿದ ಭಾಗಕ್ಕೆ ಅಚ್ಚು ಜಾರಿರಬೇಕು, ಎರಡು ಸಲ ತಾಗಿರಬೇಕು ಎಂದು ಸಮಜಾಯಿಷಿ ಹುಟ್ಟಿತು. ಪರಿಶೀಲಿಸಿದವರಿಗೆ ಮೊದಲನೆಯವರ ತೀರ್ಮಾನ ಗೊತ್ತಿತ್ತು. ಸರ್ಕಾರ ಕೊನೆಗೆ ಕ್ಷಮೆ ಕೇಳಿ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಈ ಘಟನೆಯನ್ನೇ ಹಿಡಿದು ಮನೋವಿಜ್ಞಾನಿ ಇಟಿಯೆಲ್ ಡ್ರೋರ್ ಒಂದು ತುಂಟ ಪ್ರಯೋಗ ಮಾಡಿದರು. ಐವರು ಬೆರಳಚ್ಚು ತಜ್ಞರಿಗೆ ಒಂದು ಜೋಡಿ ಅಚ್ಚು ಕೊಟ್ಟು, 'ಇದು ಮ್ಯಾಡ್ರಿಡ್ ಪ್ರಕರಣದಲ್ಲಿ ತಪ್ಪಾಗಿ ಗುರುತಿಸಿದ ಜೋಡಿ, ನಿಮ್ಮ ಅಭಿಪ್ರಾಯ ಏನು?' ಎಂದು ಕೇಳಲಾಯಿತು. ವಾಸ್ತವದಲ್ಲಿ ಪ್ರತಿಯೊಬ್ಬರಿಗೂ ಕೊಟ್ಟದ್ದು ಅವರೇ ಕೆಲವು ವರ್ಷಗಳ ಹಿಂದೆ 'ಒಂದೇ' ಎಂದು ತೀರ್ಮಾನಿಸಿದ್ದ ಜೋಡಿ. ಐವರಲ್ಲಿ ಒಬ್ಬರು ಮಾತ್ರ ಹಳೆಯ ತೀರ್ಮಾನಕ್ಕೆ ಅಂಟಿಕೊಂಡರು. ಮೂವರು ಬೇರೆ ಬೇರೆ ಬೆರಳು ಎಂದರು, ಒಬ್ಬರು ಹೇಳಲಾಗದು ಎಂದರು. ಅಚ್ಚು ಅದೇ, ಕಣ್ಣೂ ಅದೇ. ಕಿವಿಗೆ ಬಿದ್ದ ಕತೆ ಮಾತ್ರ ಬೇರೆ. ಐದೇ ಜನರ ಪ್ರಯೋಗದಿಂದ ಇಡೀ ವೃತ್ತಿಯನ್ನು ಅಳೆಯುವುದು ತಪ್ಪಾಗುತ್ತದೆ. ಆದರೆ 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ನೀವು ಖಚಿತಪಡಿಸಿ' ಎಂಬ ಟಿಪ್ಪಣಿಯ ಜೊತೆಗೇ ಮಾದರಿ ಲ್ಯಾಬಿಗೆ ಬಂದರೆ ಏನಾಗಬಹುದು ಎಂದು ಊಹಿಸಲು ಇಷ್ಟು ಸಾಕು. ಇದರಲ್ಲಿ ಅಪ್ರಾಮಾಣಿಕತೆಯ ಮಾತಿಲ್ಲ. ನಿರೀಕ್ಷೆ ಇದ್ದಾಗ ಮನುಷ್ಯನ ಕಣ್ಣು ನಿರೀಕ್ಷಿಸಿದ್ದನ್ನೇ ಮೊದಲು ಹುಡುಕುತ್ತದೆ.

ಹಾಗಾದರೆ ಬೆರಳಚ್ಚನ್ನು ಬಿಸಾಡಬೇಕೇ? ಖಂಡಿತ ಬೇಡ. ಎಫ್‌ಬಿಐ ಪಾಲ್ಗೊಂಡ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 169 ಪರೀಕ್ಷಕರಿಗೆ, ಸರಿಯುತ್ತರ ಮೊದಲೇ ಗೊತ್ತಿದ್ದ ಜೋಡಿಗಳನ್ನು ಕೊಟ್ಟು ನೋಡಲಾಯಿತು. ಬೇರೆಯವರ ಅಚ್ಚನ್ನು ಒಂದೇ ಎಂದ ತಪ್ಪು ಸುಮಾರು 0.1%. ಒಂದೇ ಬೆರಳಿನ ಅಚ್ಚನ್ನು ಬೇರೆ ಎಂದ ತಪ್ಪು 7.5%. ಅಂದರೆ ವಿಧಾನ ಒಳ್ಳೆಯದೇ, ಪರೀಕ್ಷಕರು ಎಚ್ಚರದಿಂದಲೇ ಕೆಲಸ ಮಾಡುತ್ತಾರೆ. ಸಾವಿರಕ್ಕೆ ಒಂದು ಎಂಬುದು ಸೊನ್ನೆಯಂತೂ ಅಲ್ಲ. ಆದರೂ ಬಹಳ ಕಾಲ ತಜ್ಞರು ಕಟಕಟೆಯಲ್ಲಿ ನಿಂತು 'ಈ ವಿಧಾನದಲ್ಲಿ ತಪ್ಪಿನ ಪ್ರಮಾಣ ಸೊನ್ನೆ' ಎಂದೇ ಹೇಳುತ್ತಿದ್ದರು.

ಗುಂಡು ಮತ್ತು ಬಂದೂಕಿನ ಹೋಲಿಕೆಯ ಪರೀಕ್ಷೆಗಳಲ್ಲಿ ಒಂದು ಸೂಕ್ಷ್ಮವಿದೆ. 'ನಿರ್ಧರಿಸಲಾಗದು' ಎಂಬ ಉತ್ತರವನ್ನು ಅಧ್ಯಯನಗಳು ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ. ಕಷ್ಟದ ಪ್ರಶ್ನೆಗಳಿಗೆಲ್ಲ ಹಾಗೆ ಉತ್ತರಿಸಿದವರಿಗೆ ತಪ್ಪಿನ ಪ್ರಮಾಣ ಬಹಳ ಕಡಿಮೆ ಬರುತ್ತದೆ. ಪರೀಕ್ಷೆ ಎಂದು ಗೊತ್ತಿದ್ದಾಗ ಹೀಗೆ ಜಾರಿಕೊಳ್ಳುವವರು ನಿಜವಾದ ಕೇಸಿನಲ್ಲಿ, ಪೊಲೀಸರು ಉತ್ತರಕ್ಕೆ ಕಾದು ಕುಳಿತಾಗ, ಅಷ್ಟೇ ಹಿಂಜರಿಯುತ್ತಾರೆಯೇ ಎಂಬ ವಾದ ಇನ್ನೂ ತೀರಿಲ್ಲ.

ಕೂದಲು ಮತ್ತು ಹಲ್ಲು

ಇವೆರಡರ ಮೇಲೆ ನನಗೆ ಅಷ್ಟು ಕರುಣೆ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಕೂದಲುಗಳನ್ನು ಹೋಲಿಸಿ ಬಣ್ಣ, ದಪ್ಪ, ಒಳರಚನೆ ಒಂದೇ ಥರ ಇದೆ ಎನ್ನಬಹುದು. ಅದರಿಂದ ಕೆಲವರನ್ನು ಶಂಕಿತರ ಪಟ್ಟಿಯಿಂದ ಕೈಬಿಡಬಹುದು. ಆದರೆ ಅದೇ ಲಕ್ಷಣದ ಕೂದಲು ಎಷ್ಟು ಜನರಿಗಿದೆ ಎಂಬ ಅಂಕಿಅಂಶ ಯಾರ ಬಳಿಯೂ ಇರಲಿಲ್ಲ. ವಾಷಿಂಗ್ಟನ್ ಡಿ.ಸಿ.ಯಲ್ಲಿ 1978ರಲ್ಲಿ ನಡೆದ ಕೊಲೆಯೊಂದರಲ್ಲಿ, ಸ್ಟಾಕಿಂಗ್‌ನಿಂದ ಮಾಡಿದ ಮುಸುಕಿನಲ್ಲಿ ಸಿಕ್ಕ ಕೂದಲು 17ರ ಹುಡುಗನ ಕೂದಲಿಗೆ ಹೊಂದುತ್ತದೆ ಎಂದು ಎಫ್‌ಬಿಐ ತಜ್ಞರು ಸಾಕ್ಷಿ ಹೇಳಿದರು. ಬೇರೆಯವರದಾಗುವ ಸಂಭವ ಒಂದು ಕೋಟಿಗೆ ಒಂದು ಎಂದು ಪ್ರಾಸಿಕ್ಯೂಟರ್ ಅದಕ್ಕೆ ರೆಕ್ಕೆಪುಕ್ಕ ಕಟ್ಟಿದರು. ಆತ 28 ವರ್ಷ ಜೈಲಿನಲ್ಲಿ ಕಳೆದ. ಆಮೇಲೆ ಆ ಮುಸುಕಿನಲ್ಲಿದ್ದ 13 ಕೂದಲುಗಳ ಡಿಎನ್‌ಎ ಪರೀಕ್ಷೆ ನಡೆಯಿತು. ಒಂದೂ ಅವನದಲ್ಲ. ಅದರಲ್ಲೊಂದು ನಾಯಿಯ ಕೂದಲು.

ಇಂಥ ಪ್ರಕರಣಗಳ ನಂತರ ಎಫ್‌ಬಿಐ ತನ್ನ ಹಳೆಯ ಕಡತಗಳನ್ನು ಮರುಪರಿಶೀಲಿಸಿತು. ಅಷ್ಟರವರೆಗೆ ನೋಡಿ ಮುಗಿಸಿದ, ಕೂದಲಿನ ಸಾಕ್ಷ್ಯ ಆರೋಪಿಯ ವಿರುದ್ಧ ಬಳಕೆಯಾದ 268 ವಿಚಾರಣೆಗಳ ಪೈಕಿ 257ರಲ್ಲಿ ತಜ್ಞರ ಹೇಳಿಕೆ ವಿಜ್ಞಾನದ ಮಿತಿ ಮೀರಿತ್ತು ಎಂದು 2015ರಲ್ಲಿ ಒಪ್ಪಿಕೊಂಡಿತು. 28 ಪರೀಕ್ಷಕರಲ್ಲಿ 26 ಮಂದಿ ಹೀಗೆ ಮೀರಿದ್ದರು. ಇಲ್ಲಿ ಒಂದು ಎಚ್ಚರ ಬೇಕು. 257 ಜನರೂ ನಿರಪರಾಧಿಗಳು ಎಂದು ಇದರರ್ಥವಲ್ಲ; ಬಹಳ ಕೇಸುಗಳಲ್ಲಿ ಬೇರೆ ಸಾಕ್ಷ್ಯವೂ ಇತ್ತು. ಸೂಕ್ಷ್ಮದರ್ಶಕ ತೋರಿಸಿದ್ದಕ್ಕಿಂತ ಹೆಚ್ಚನ್ನು ಬಾಯಿ ಹೇಳಿತ್ತು ಎಂಬುದಷ್ಟೇ ಅದರ ಅರ್ಥ.

ಚರ್ಮದ ಮೇಲಿನ ಹಲ್ಲಿನ ಗುರುತಿನ ಕತೆ ಇನ್ನೂ ದುರ್ಬಲ. ಚರ್ಮ ಹಿಗ್ಗುತ್ತದೆ, ಊದುತ್ತದೆ, ಸತ್ತ ಮೇಲೆ ಬದಲಾಗುತ್ತದೆ. ಅದು ಕಚ್ಚಿದ ಗುರುತೇ ಹೌದೇ ಎಂಬ ಮೊದಲ ಪ್ರಶ್ನೆಗೇ ತಜ್ಞರಲ್ಲಿ ಒಮ್ಮತ ಬರುವುದಿಲ್ಲ. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲಿ ಇದಕ್ಕೆ ವೈಜ್ಞಾನಿಕ ತಳಹದಿ ಇಲ್ಲ ಎಂದಿತು. ಅದೇ ವರ್ಷ ಟೆಕ್ಸಾಸ್‌ನ ವಿಧಿವಿಜ್ಞಾನ ಆಯೋಗ ಇದರ ಬಳಕೆಯನ್ನು ತಡೆಹಿಡಿಯಬೇಕೆಂದು ಶಿಫಾರಸು ಮಾಡಿತು.

ಡಿಎನ್‌ಎ: ಯಾರದು ಎಂಬುದು ಬೇರೆ, ಹೇಗೆ ಬಂತು ಎಂಬುದು ಬೇರೆ

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಕಂಡುಹಿಡಿದ ಡಿಎನ್‌ಎ ಗುರುತಿಸುವಿಕೆ ಮೊದಲ ದೊಡ್ಡ ಕೇಸಿನಲ್ಲೇ ಎರಡು ಕೆಲಸ ಮಾಡಿತು. ಇಬ್ಬರು ಹುಡುಗಿಯರ ಕೊಲೆಯಲ್ಲಿ ಪೊಲೀಸರು ಹಿಡಿದಿದ್ದ, ಒಂದು ಕೊಲೆಯನ್ನು ಒಪ್ಪಿಕೊಂಡೂ ಇದ್ದ ಹುಡುಗ ಅಪರಾಧಿಯಲ್ಲ ಎಂದು ತೋರಿಸಿತು. ಆಮೇಲೆ ನಿಜವಾದ ಕೊಲೆಗಾರನನ್ನು ಹಿಡಿಯಲು ನೆರವಾಯಿತು. ಈ ಹೊತ್ತಿಗೂ ಒಬ್ಬರದೇ ರಕ್ತ ಅಥವಾ ವೀರ್ಯದ ಒಳ್ಳೆಯ ಮಾದರಿ ಇದ್ದರೆ ಇದಕ್ಕೆ ಸಾಟಿಯಿಲ್ಲ. ಡಿಎನ್‌ಎ ಸರಪಳಿಯಲ್ಲಿ ಚಿಕ್ಕ ತುಣುಕುಗಳು ಪುನರಾವರ್ತನೆಯಾಗುವ ನಿರ್ದಿಷ್ಟ ತಾಣಗಳಿವೆ. ಅಮೆರಿಕದ ಡಿಎನ್‌ಎ ಭಂಡಾರದಲ್ಲಿ 2017ರಿಂದ ಇಂಥ 20 ತಾಣಗಳನ್ನು ನೋಡುತ್ತಾರೆ. ಪ್ರತಿ ತಾಣದಲ್ಲಿ ಪುನರಾವರ್ತನೆ ಎಷ್ಟು ಸಲ ಎಂದು ಎಣಿಸುತ್ತಾರೆ. ಇಪ್ಪತ್ತರಲ್ಲೂ ಹೊಂದಿದರೆ, ಅವಳಿಗಳನ್ನು ಬಿಟ್ಟು, ಆಕಸ್ಮಿಕ ಹೋಲಿಕೆಯ ಸಂಭವ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ತೊಂದರೆ ಶುರುವಾಗುವುದು ಮಾದರಿ ಮಿಶ್ರವಾದಾಗ. ಪಿಸ್ತೂಲಿನ ಹಿಡಿಯ ಮೇಲೆ ನಾಲ್ವರ ಬೆವರಿನ ಕುರುಹು ಇದ್ದರೆ ನಾಲ್ವರ ಸಂಖ್ಯೆಗಳೂ ಒಂದೇ ನಕ್ಷೆಯಲ್ಲಿ ಕಲಸಿಹೋಗಿರುತ್ತವೆ. ಸಂತೆಯ ಗದ್ದಲದ ಧ್ವನಿಮುದ್ರಣದಿಂದ ಯಾರು ಯಾವ ಮಾತು ಆಡಿದರೆಂದು ಹೆಕ್ಕುವ ಹಾಗೆ. ಪ್ರಮಾಣ ತೀರ ಕಡಿಮೆ ಇದ್ದರೆ, ಈ ಸಂಖ್ಯೆಗಳನ್ನು ತೋರಿಸುವ ಕೆಲವು ಶಿಖರಗಳು ನಕ್ಷೆಯಲ್ಲಿ ಮೂಡುವುದೇ ಇಲ್ಲ, ಇಲ್ಲದ್ದು ಮೂಡುವುದೂ ಉಂಟು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2013ರಲ್ಲಿ ಒಂದೇ ಬಗೆಯ ಕಾಲ್ಪನಿಕ ಪ್ರಕರಣಗಳನ್ನು 108 ಲ್ಯಾಬುಗಳಿಗೆ ಕಳಿಸಿತು. ಅವುಗಳಲ್ಲಿ ಅತಿ ಜಟಿಲವಾದ ಮಿಶ್ರಣದಲ್ಲಿ, ಅಲ್ಲಿ ಇಲ್ಲವೇ ಇಲ್ಲದ ವ್ಯಕ್ತಿಯೊಬ್ಬನನ್ನು 74 ಲ್ಯಾಬುಗಳು ತಪ್ಪಾಗಿ ಒಳಸೇರಿಸಿದವು. ಡ್ರೋರ್ ಮತ್ತು ಗ್ರೆಗ್ ಹ್ಯಾಂಪಿಕಿಯನ್ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ನಿಜವಾದ ಅತ್ಯಾಚಾರ ಪ್ರಕರಣವೊಂದರಲ್ಲಿ ಆರೋಪಿಯನ್ನು 'ಹೊರಗಿಡಲಾಗದು' ಎಂದು ಲ್ಯಾಬ್ ಹೇಳಿದ್ದ ಮಿಶ್ರಣವನ್ನು, ಪ್ರಕರಣದ ಹಿನ್ನೆಲೆ ತಿಳಿಸದೆ 17 ವಿಶ್ಲೇಷಕರಿಗೆ ಕೊಡಲಾಯಿತು. ಒಬ್ಬರು ಮಾತ್ರ ಹಳೆಯ ತೀರ್ಮಾನವನ್ನು ಒಪ್ಪಿದರು. ಹನ್ನೆರಡು ಜನ ಆತನನ್ನು ಹೊರಗಿಟ್ಟರು. ಇಂದು ಇಂಥ ಮಿಶ್ರಣಗಳನ್ನು ಬಿಡಿಸಲು ಸಂಭವನೀಯತೆ ಆಧಾರಿತ ಸಾಫ್ಟ್‌ವೇರ್ ಬಂದಿದೆ, ಕೈಲೆಕ್ಕಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದರ ಸೋರ್ಸ್ ಕೋಡ್ ನೋಡುವ ಹಕ್ಕು ಆರೋಪಿಗಿದೆಯೇ, ಕಂಪನಿಯ ವ್ಯಾಪಾರ ರಹಸ್ಯ ದೊಡ್ಡದೇ ಎಂಬ ಜಗಳ ಹೊಸದಾಗಿ ಹುಟ್ಟಿಕೊಂಡಿದೆ.

ಇನ್ನೊಂದು ತೊಡಕಿನಲ್ಲಿ ಲ್ಯಾಬಿನ ತಪ್ಪೇ ಇರುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಶ್ರೀಮಂತರ ಕೊಲೆಯಾಯಿತು. ಅವರ ಉಗುರಿನಲ್ಲಿ ಸಿಕ್ಕ ಡಿಎನ್‌ಎ ಒಬ್ಬ ನಿರ್ಗತಿಕನದು. ಆತ ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ದಾಖಲೆ ಕೆದಕಿದಾಗ ಗೊತ್ತಾದದ್ದು: ಕೊಲೆ ನಡೆದ ರಾತ್ರಿ ಆತ ಕುಡಿದು ಬಿದ್ದು ಆಸ್ಪತ್ರೆಯಲ್ಲಿ ದಾಖಲಾಗಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿದ್ದ ತುರ್ತು ವೈದ್ಯಕೀಯ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯಾದ ಮನೆಗೆ ಹೋಗಿದ್ದರು. ಅವರ ಮೂಲಕವೇ ಡಿಎನ್‌ಎ ದಾಟಿತ್ತು. ವರದಿ ನೂರಕ್ಕೆ ನೂರು ಸರಿ, ಡಿಎನ್‌ಎ ಅವನದೇ. ಯಾರದು ಎಂಬುದಕ್ಕೆ ವರದಿ ಉತ್ತರ ಕೊಟ್ಟಿತ್ತು. ಹೇಗೆ ಅಲ್ಲಿಗೆ ಬಂತು, ಯಾವಾಗ ಬಂತು ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅದರ ಬಳಿ ಉತ್ತರ ಇರಲಿಲ್ಲ. ಪರೀಕ್ಷೆಗಳು ಸೂಕ್ಷ್ಮವಾದಷ್ಟೂ ಈ ಅಪಾಯ ಹೆಚ್ಚು. ಮೊದಲು ರಕ್ತದ ಕಲೆ ಬೇಕಿತ್ತು, ಈಗ ಕೆಲವೇ ಜೀವಕೋಶ ಸಾಕು. ಕೆಲವೇ ಜೀವಕೋಶಗಳು ಒಂದು ಹಸ್ತಲಾಘವದಲ್ಲಿ ದಾಟಿಬಿಡುತ್ತವೆ.

ಜರ್ಮನಿಯಲ್ಲಿ ಇದು ಪ್ರಹಸನವಾಯಿತು. 1990ರ ದಶಕದಿಂದ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಕೃತ್ಯಗಳ ಜಾಗದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. 2007ರಲ್ಲಿ ಹೈಲ್‌ಬ್ರಾನ್ ಎಂಬ ಊರಿನಲ್ಲಿ ನಡೆದ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಲ್ಲೂ ಅವಳದೇ. ಕೊಲೆ, ದರೋಡೆ, ಚಿಲ್ಲರೆ ಕಳ್ಳತನ, ಎಲ್ಲದರಲ್ಲೂ ಕೈಯಿರುವ ಆ ನಿಗೂಢ ಹೆಂಗಸಿಗಾಗಿ ಬಹುಮಾನ ಘೋಷಣೆಯಾಯಿತು. 2009ರಲ್ಲಿ ಗುಟ್ಟು ರಟ್ಟಾಯಿತು. ಮಾದರಿ ಎತ್ತಲು ಬಳಸುತ್ತಿದ್ದ ಹತ್ತಿಕಡ್ಡಿಗಳನ್ನು ತಯಾರಿಸುವಾಗ ಕೆಲಸದಾಕೆಯೊಬ್ಬಳ ಡಿಎನ್‌ಎ ಅವಕ್ಕೆ ಅಂಟಿಕೊಂಡಿತ್ತು. ಕಡ್ಡಿಗಳು ಕ್ರಿಮಿರಹಿತವಾಗಿದ್ದವು, ಡಿಎನ್‌ಎ ರಹಿತವಾಗಿರಲಿಲ್ಲ.

ಲಕ್ಷಕ್ಕೆ ಒಂದು ಎಂದರೆ

ಈಗ ಕೊಂಚ ಲೆಕ್ಕ. ಕೃತ್ಯದ ಜಾಗದಲ್ಲಿ ಸಿಕ್ಕ ಡಿಎನ್‌ಎ ಅರ್ಧಂಬರ್ಧ, ಅದು ಆಕಸ್ಮಿಕವಾಗಿ ಯಾರಿಗಾದರೂ ಹೊಂದುವ ಸಂಭವ ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಆರೋಪಿಗೆ ಅದು ಹೊಂದುತ್ತದೆ. 'ಅಂದರೆ ಈತ ನಿರಪರಾಧಿಯಾಗಿರುವ ಸಂಭವ ಲಕ್ಷಕ್ಕೆ ಒಂದೇ' ಎಂದು ವಾದಿಸಿದರೆ ತಲೆಯಾಡಿಸುವವರೇ ಹೆಚ್ಚು. ಆದರೆ ಆ ಪ್ರದೇಶದಲ್ಲಿ 50 ಲಕ್ಷ ಜನರಿದ್ದರೆ, ಕೃತ್ಯಕ್ಕೆ ಸಂಬಂಧವೇ ಇಲ್ಲದ ಸುಮಾರು 50 ಜನಕ್ಕೆ ಈ ಡಿಎನ್‌ಎ ಹೊಂದುತ್ತದೆ. ಬೇರೆ ಯಾವ ಸಾಕ್ಷ್ಯವೂ ಇಲ್ಲದೆ, ಬರೀ ಭಂಡಾರ ಜಾಲಾಡಿ ಇವನನ್ನು ಹಿಡಿದಿದ್ದರೆ, ಇವನೇ ಆ ವ್ಯಕ್ತಿಯಾಗಿರುವ ಸಂಭವ 51ರಲ್ಲಿ ಒಂದರಷ್ಟು. ಅದೇ ಆರೋಪಿ ಆ ಹೊತ್ತಿಗೆ ಅದೇ ಬೀದಿಯಲ್ಲಿದ್ದ, ಕದ್ದ ಮಾಲು ಅವನ ಬಳಿ ಸಿಕ್ಕಿತು ಎಂದಾದರೆ ಅದೇ ಸಂಖ್ಯೆಗೆ ಅಪಾರ ತೂಕ ಬರುತ್ತದೆ. ಸಂಖ್ಯೆ ಒಂದೇ, ಅದು ನಿಂತ ನೆಲ ಬೇರೆ. ಈ ತಪ್ಪು ವಾದಕ್ಕೆ ಸಂಖ್ಯಾಶಾಸ್ತ್ರದಲ್ಲಿ 'ಪ್ರಾಸಿಕ್ಯೂಟರ್‌ನ ತರ್ಕದೋಷ' ಎಂಬ ಹೆಸರೇ ಇದೆ. ಹೆಸರು ಪ್ರಾಸಿಕ್ಯೂಟರ್‌ದಾದರೂ ಈ ಹಳ್ಳಕ್ಕೆ ಬಿದ್ದವರಲ್ಲಿ ತಜ್ಞರೂ ಪತ್ರಕರ್ತರೂ ಇದ್ದಾರೆ.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ ಇದರ ಅತಿ ಕ್ರೂರ ಉದಾಹರಣೆ. ಅವರ ಇಬ್ಬರು ಹಸುಗೂಸುಗಳು ಬೇರೆ ಬೇರೆ ವರ್ಷ ಹಠಾತ್ತನೆ ಸತ್ತವು. ತಾಯಿಯ ಮೇಲೆ ಕೊಲೆ ಆರೋಪ ಬಂತು. ಹೆಸರಾಂತ ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷಿ ಹೇಳುತ್ತ, ಅಂಥ ಕುಟುಂಬದಲ್ಲಿ ಶಿಶುವೊಂದು ಹೀಗೆ ಸಾಯುವ ಸಂಭವ 8,543ಕ್ಕೆ ಒಂದು, ಎರಡೂ ಹಾಗೆ ಸಾಯುವ ಸಂಭವ 7 ಕೋಟಿ 30 ಲಕ್ಷಕ್ಕೆ ಒಂದು ಎಂದರು. 8,543ನ್ನು ಅದರಿಂದಲೇ ಗುಣಿಸಿದ್ದರು. ಹೀಗೆ ಗುಣಿಸಬೇಕಾದರೆ ಎರಡು ಸಾವುಗಳಿಗೂ ಒಂದಕ್ಕೊಂದು ಸಂಬಂಧವಿರಬಾರದು. ಒಂದೇ ತಾಯಿತಂದೆ, ಒಂದೇ ಮನೆ, ಒಂದೇ ವಂಶವಾಹಿಗಳು ಇರುವಲ್ಲಿ ಹಾಗೆಂದು ಭಾವಿಸಲು ಯಾವ ಆಧಾರವಿದೆ? ಅದಕ್ಕಿಂತ ಮುಖ್ಯವಾಗಿ, ತಾಯಿ ಎರಡು ಹಸುಗೂಸುಗಳನ್ನು ಕೊಲ್ಲುವುದು ಎಷ್ಟು ಅಪರೂಪ ಎಂದು ಯಾರೂ ಕೇಳಲಿಲ್ಲ. ಎರಡು ಅಪರೂಪಗಳನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗಬೇಕಿತ್ತು, ಒಂದನ್ನು ಮಾತ್ರ ತೂಗಿ ತೀರ್ಪು ಬಂತು. 1999ರಲ್ಲಿ ಶಿಕ್ಷೆಯಾಯಿತು. ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. 2003ರಲ್ಲಿ ಎರಡನೇ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಎರಡನೇ ಮಗುವಿನ ದೇಹದಲ್ಲಿ ಸೋಂಕಿನ ಕುರುಹು ತೋರಿಸಿದ್ದ ಪರೀಕ್ಷಾ ವರದಿಯನ್ನು ಶವಪರೀಕ್ಷೆ ಮಾಡಿದ ವೈದ್ಯರು ಬಹಿರಂಗಪಡಿಸಿರಲಿಲ್ಲ ಎಂಬುದೂ ಆಗ ಹೊರಬಿದ್ದಿತ್ತು. ಸ್ಯಾಲಿ ಕ್ಲಾರ್ಕ್ 2007ರಲ್ಲಿ ತೀರಿಕೊಂಡರು.

ಬೆಂಕಿಯ ಪಾಠ

ವಿಧಾನ ಪೂರ್ತಿ ತಪ್ಪಾಗಿದ್ದ ಉದಾಹರಣೆ ಬೇಕಿದ್ದರೆ ಬೆಂಕಿಯ ತನಿಖೆ ನೋಡಬೇಕು. ಗಾಜಿನಲ್ಲಿ ಜೇಡರಬಲೆಯಂಥ ಬಿರುಕು, ನೆಲದ ಮೇಲೆ ಸುರಿದಂತೆ ಕಾಣುವ ಸುಟ್ಟ ಕಲೆ ಇದ್ದರೆ ಯಾರೋ ಪೆಟ್ರೋಲಿನಂಥದ್ದು ಹಾಕಿ ಬೆಂಕಿ ಹಚ್ಚಿದ್ದಾರೆ ಎಂಬುದು ಹಿರಿಯರಿಂದ ಕಿರಿಯರಿಗೆ ದಾಟಿಬಂದ ಜ್ಞಾನ. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಇಂಥ ಒಂದು ಪ್ರಕರಣ ಬಂದಾಗ ಪ್ರಾಸಿಕ್ಯೂಷನ್ ಪರ ತಜ್ಞರು ಪಕ್ಕದ, ಕೆಡವಲಿದ್ದ ಅದೇ ಥರದ ಮನೆಗೆ ಬೆಂಕಿ ಹಚ್ಚಿ ಪರೀಕ್ಷಿಸಿದರು. ಪೆಟ್ರೋಲ್ ಹಾಕದಿದ್ದರೂ ಐದು ನಿಮಿಷದೊಳಗೆ ಕೋಣೆಯೆಲ್ಲ ಒಮ್ಮೆಗೇ ಧಗ್ಗೆಂದು ಹತ್ತಿಕೊಂಡಿತು, ನೆಲದ ಮೇಲೆ ಅದೇ 'ಸುರಿದ' ಕಲೆಗಳು ಮೂಡಿದವು. ಆರೋಪ ಹಿಂತೆಗೆಯಲಾಯಿತು. ಗಾಜಿನ ಬಿರುಕಿಗೆ ಬಿಸಿಗಾಜಿನ ಮೇಲೆ ಬಿದ್ದ ತಣ್ಣೀರು ಕಾರಣ ಎಂದೂ ಗೊತ್ತಾಯಿತು; ಅಂದರೆ ಬೆಂಕಿ ಆರಿಸಲು ಬಂದವರ ನೀರು.

1991ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಕ್ಯಾಮರೂನ್ ಟಾಡ್ ವಿಲಿಂಗ್‌ಹ್ಯಾಮ್ ಎಂಬಾತನ ಮನೆಗೆ ಬೆಂಕಿ ಬಿದ್ದು ಮೂವರು ಹೆಣ್ಣುಮಕ್ಕಳು ಸತ್ತರು. ಹಳೆಯ ನಂಬಿಕೆಗಳ ಆಧಾರದ ಮೇಲೆಯೇ ಅದು ಹಚ್ಚಿದ ಬೆಂಕಿ ಎಂದು ತಜ್ಞರು ಸಾಕ್ಷಿ ಹೇಳಿದರು. 2004ರಲ್ಲಿ ವಿಲಿಂಗ್‌ಹ್ಯಾಮ್‌ನ ಮರಣದಂಡನೆಗೆ ಮುನ್ನ ಒಬ್ಬ ಅಗ್ನಿ ವಿಜ್ಞಾನಿ ಆ ಸಾಕ್ಷ್ಯವನ್ನು ಅಲ್ಲಗಳೆದು ವರದಿ ಬರೆದರು. ದಂಡನೆ ನಿಲ್ಲಲಿಲ್ಲ. ಬೆರಳಚ್ಚಿನ ತಪ್ಪಿನಲ್ಲಿ ಒಬ್ಬ ಪರೀಕ್ಷಕರು ಎಡವುತ್ತಾರೆ, ಇಲ್ಲಿ ಒಂದು ಇಡೀ ತಲೆಮಾರು ಒಟ್ಟಾಗಿ ತಪ್ಪನ್ನೇ ನಂಬಿತ್ತು. ಹೀಗಿರುವಾಗ ಎರಡನೇ ತಜ್ಞರಿಂದ ಪರಿಶೀಲನೆ ಮಾಡಿಸಿದರೂ ಅದೇ ಉತ್ತರ ಬರುತ್ತದೆ.

ನೇರ ವಂಚನೆಯ ಮಾತು ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಅರ್ಥಮಾಡಿಕೊಳ್ಳಲು ವಿಜ್ಞಾನ ಬೇಕಿಲ್ಲ. ಮಾಸಚೂಸೆಟ್ಸ್‌ನಲ್ಲಿ ಮಾದಕವಸ್ತು ಲ್ಯಾಬಿನ ಒಬ್ಬ ರಸಾಯನತಜ್ಞೆ ಪರೀಕ್ಷೆ ಮಾಡದೆಯೇ ಫಲಿತಾಂಶ ಬರೆಯುತ್ತಿದ್ದರು. ಗೊತ್ತಾದ ಮೇಲೆ 2017ರಲ್ಲಿ 21,000ಕ್ಕೂ ಹೆಚ್ಚು ಪ್ರಕರಣಗಳು ವಜಾ ಆದವು. ಆಕೆಯ ಕೆಲಸದ ವೇಗವನ್ನು ಅಲ್ಲಿಯವರೆಗೆ ದಕ್ಷತೆ ಎಂದೇ ಮೆಚ್ಚಿಕೊಳ್ಳಲಾಗಿತ್ತು.

ಬಾಗಿಲು ಕಾಯುವವರು ಯಾರು?

ಕೆಟ್ಟ ವಿಜ್ಞಾನವನ್ನು ಕೋರ್ಟಿನ ಬಾಗಿಲಲ್ಲೇ ತಡೆಯಬೇಕಾದದ್ದು ನ್ಯಾಯಾಧೀಶರು. ಅಮೆರಿಕದಲ್ಲಿ 1923ರ ಫ್ರೈ ತೀರ್ಪು, ಆ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿದ ವಿಧಾನವೇ ಎಂದು ಕೇಳಿತು. ಇದರ ಹುಳುಕು ಸ್ಪಷ್ಟ: ಕಚ್ಚಿದ ಗುರುತಿನ ತಜ್ಞರನ್ನು ಕೇಳಿದರೆ ಅವರು ತಮ್ಮ ವಿಧಾನವನ್ನು ಒಪ್ಪದೆ ಇರುತ್ತಾರೆಯೇ? 1993ರ ಡಾಬರ್ಟ್ ತೀರ್ಪು ಮುಂದೆ ಹೋಗಿ, ವಿಧಾನವನ್ನು ಪರೀಕ್ಷಿಸಲು ಸಾಧ್ಯವೇ, ಪರೀಕ್ಷಿಸಲಾಗಿದೆಯೇ, ತಪ್ಪಿನ ಪ್ರಮಾಣ ಗೊತ್ತೇ, ಮಾನದಂಡಗಳಿವೆಯೇ ಎಂದು ನ್ಯಾಯಾಧೀಶರೇ ಕೇಳಬೇಕೆಂದಿತು. ಕಾಗದದ ಮೇಲೆ ಇದು ಚೆನ್ನಾಗಿದೆ. ವಾಸ್ತವದಲ್ಲಿ ಕ್ರಿಮಿನಲ್ ನ್ಯಾಯಾಲಯಗಳು 'ಹಿಂದೆ ಒಪ್ಪಿದ್ದೇವೆ, ಈಗಲೂ ಒಪ್ಪುತ್ತೇವೆ' ಎಂಬ ಪೂರ್ವನಿದರ್ಶನದ ದಾರಿ ಹಿಡಿದದ್ದೇ ಹೆಚ್ಚು. ವಿಜ್ಞಾನ ಹಳೆಯದನ್ನು ತಿದ್ದಿಕೊಂಡು ಮುಂದೆ ಹೋಗುತ್ತದೆ, ಕಾನೂನು ಹಳೆಯದನ್ನು ಆಧರಿಸಿ ನಿಲ್ಲುತ್ತದೆ. ಇವೆರಡರ ಸಂಸಾರ ಸುಲಭವಲ್ಲ.

ತಜ್ಞರನ್ನು ಪಾಟೀಸವಾಲಿಗೆ ಕರೆಯುವ ವಿಷಯದಲ್ಲಿ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ, ಲ್ಯಾಬ್ ವರದಿಯನ್ನು ಆರೋಪಿಯ ವಿರುದ್ಧ ಬಳಸಬೇಕಾದರೆ ವಿಶ್ಲೇಷಕರು ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕು ಎಂದಿತು. ಭಾರತದ ಕಾನೂನಿನಲ್ಲಿ ನಿರ್ದಿಷ್ಟ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ಅವರನ್ನು ಕರೆಯದೆಯೂ ಸಾಕ್ಷ್ಯವಾಗಿ ಬಳಸಬಹುದು; ಬೇಕೆನಿಸಿದರೆ ಕೋರ್ಟು ಕರೆಸಿಕೊಳ್ಳಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಕೃತ್ಯದ ಜಾಗಕ್ಕೆ ಹೋಗಿ ಕುರುಹು ಸಂಗ್ರಹಿಸಬೇಕೆನ್ನುತ್ತದೆ. ಇದು ಒಳ್ಳೆಯ ಹೆಜ್ಜೆ. ಆದರೆ ಲ್ಯಾಬಿನಿಂದ ಬರುವ ವರದಿಗಳ ಸಂಖ್ಯೆ ಏರಿದಷ್ಟೂ, ಒಂದೊಂದನ್ನೂ ಪ್ರಶ್ನಿಸುವ ವಕೀಲರ ಸಾಮರ್ಥ್ಯವೂ ಏರದಿದ್ದರೆ, ಸಾಕ್ಷ್ಯ ಹೆಚ್ಚುತ್ತದೆಯೇ ಹೊರತು ವಿಶ್ವಾಸಾರ್ಹತೆ ಹೆಚ್ಚುವುದಿಲ್ಲ.

ಹಾಗಾದರೆ ಏನು ಪ್ರಶ್ನಿಸಬೇಕು? ಮಾದರಿ ಜಪ್ತಿಯಾದ ಗಳಿಗೆಯಿಂದ ಲ್ಯಾಬಿನ ಮೇಜಿನವರೆಗೆ ಯಾರ ಕೈಯಲ್ಲಿ, ಎಲ್ಲಿ, ಎಷ್ಟು ದಿನ ಇತ್ತು, ಮೊಹರು ಸರಿಯಿತ್ತೇ ಎಂಬುದು ಮೊದಲನೆಯದು. ಬಹಳ ಕೇಸುಗಳು ಬೀಳುವುದೇ ಇಲ್ಲಿ. ವಿಧಾನದ ತಪ್ಪಿನ ಪ್ರಮಾಣವನ್ನು ಯಾರಾದರೂ ಅಳೆದಿದ್ದಾರೆಯೇ, ಈ ಲ್ಯಾಬು, ಈ ವಿಶ್ಲೇಷಕರು ಅಂಥ ಪರೀಕ್ಷೆಗೆ ಕೂತಿದ್ದಾರೆಯೇ? ಪರೀಕ್ಷಿಸುವಾಗ ಅವರಿಗೆ ಪ್ರಕರಣದ ಬಗ್ಗೆ ಏನೇನು ಗೊತ್ತಿತ್ತು? ಎರಡನೇ ಪರಿಶೀಲಕರಿಗೆ ಮೊದಲಿನವರ ಉತ್ತರ ಗೊತ್ತಿತ್ತೇ? ವರದಿ ಯಾರದು ಎಂದಷ್ಟೇ ಹೇಳುತ್ತಿದೆಯೇ, ಹೇಗೆ ಬಂತು ಎಂದೂ ಹೇಳಲು ಹೊರಟಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರುವ ಲ್ಯಾಬುಗಳನ್ನು ಕಟ್ಟಲು ಸಾಧ್ಯ ಎಂಬುದಕ್ಕೆ ಹ್ಯೂಸ್ಟನ್ ಸಾಕ್ಷಿ. ಅಲ್ಲಿನ ಪೊಲೀಸ್ ಲ್ಯಾಬ್ ಹಗರಣಗಳಿಂದ ಕುಖ್ಯಾತವಾಗಿತ್ತು. 2014ರಲ್ಲಿ ಅದರ ಕೆಲಸವನ್ನು ಪೊಲೀಸರ ಹಿಡಿತದಿಂದ ತೆಗೆದು ಸ್ವತಂತ್ರ ಕೇಂದ್ರಕ್ಕೆ ವಹಿಸಲಾಯಿತು. ಈಗ ಅಲ್ಲಿ, ಉತ್ತರ ಮೊದಲೇ ಗೊತ್ತಿರುವ ನಕಲಿ ಕೇಸುಗಳನ್ನು ನಿಜವಾದ ಕೇಸುಗಳ ನಡುವೆ ಸೇರಿಸಿಬಿಡುತ್ತಾರೆ. ತನ್ನ ಮೇಜಿನ ಮೇಲಿರುವುದು ಪರೀಕ್ಷೆಯೋ ನಿಜವೋ ವಿಶ್ಲೇಷಕರಿಗೆ ತಿಳಿಯದು. ಪ್ರಕರಣದ ಕತೆ ತಿಳಿದವರು ಒಬ್ಬರು, ಮಾದರಿ ನೋಡುವವರು ಇನ್ನೊಬ್ಬರು.

ಹಳೆಯ ತೀರ್ಪುಗಳ ಗತಿಯೇನು ಎಂಬುದು ಉಳಿದ ಪ್ರಶ್ನೆ. ಒಮ್ಮೆ ಮೇಲ್ಮನವಿಗಳೆಲ್ಲ ಮುಗಿದರೆ, ಆಮೇಲೆ ವಿಜ್ಞಾನ ಬದಲಾಯಿತೆಂಬ ಕಾರಣಕ್ಕೆ ಕಡತ ತೆರೆಯುವುದು ಬಹುತೇಕ ಕಡೆ ಕಷ್ಟ. 2013ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತು: ಶಿಕ್ಷೆಗೆ ಆಧಾರವಾದ ವೈಜ್ಞಾನಿಕ ಸಾಕ್ಷ್ಯವನ್ನು ಹೊಸ ವಿಜ್ಞಾನ ಅಲ್ಲಗಳೆದರೆ ಕೈದಿ ಮತ್ತೆ ಕೋರ್ಟಿನ ಕದ ತಟ್ಟಬಹುದು. ವಿಲಿಂಗ್‌ಹ್ಯಾಮ್‌ಗೆ ಮರಣದಂಡನೆಯಾಗಿ ಆಗ ಒಂಬತ್ತು ವರ್ಷ ಕಳೆದಿತ್ತು.